ಹಕ್ಕಿ ಕಾಯೋದು

ತಾರಿಹಾಳದ ಹಿಂದ, ರೈಲ್ವೆ ಹಳಿ ದಾಟಿದ್ರ,
ಎಂಟು ಗುಂಟೆ ಸಾಸಿವಿ ಹೂ ಬಿಟ್ಟೈತಿ.
ದಾರಿ ಹಿಡಿದು ಹೋಗೋರು ಬೈಕ್ ನಿಲ್ಲಿಸಿ
ಫೋಟೋ ತಗೋತಾರ.
'ಒಂದು ಹಿಡಿ ತಪ್ಪಲಾ ಕೊಡ್ತೀರೇನ್ರಿ?' ಅಂತಾರ.
ಕೊಡಂಗಿಲ್ಲ.
ಜಿಪುಣ ಮುದುಕ ಅಂದುಕೊಂಡು ಹೋಗ್ತಾರ, ಹೋಗಲಿ.

ಜ್ವಾಳದ ಹೊಲದಾಗ ಅಟ್ಟಣಿಗಿ ಮ್ಯಾಲ ನಿಂತು
ಕವಣಿ ಬೀಸಿದ ಕೈ ಇದು.
ಆಗ ಕಾಳು ಉಳೀಲಿ ಅಂತ ಹಕ್ಕಿ ಓಡಸ್ತಿದ್ದೆ.
ಈಗ
ಹಕ್ಕಿ ಉಳೀಲಿ ಅಂತ ಹಕ್ಕಿ ಓಡಸ್ತೀನಿ.
ಗುಬ್ಬಿಗೆ ಈ ಫರಕು ಹೆಂಗ ತಿಳೀಬೇಕು?
ಅದ ಬೈಗುಳ, ಅದ ಡಬ್ಬಿ ಸಪ್ಪಳ.

ಈ ತುಂಡು ನೆಲಾ ಬ್ಯಾಟರಿ ಒಡೆಯೋರಿಗೆ
ಬಾಡಿಗಿ ಕೊಟ್ಟಾಂವ ನಮ್ಮಪ್ಪ ಅಲ್ಲ, ನಾನ.
ಮಳಿ ಕೇಳದ, ಬೀಜ ಕೇಳದ ಬರೋ ರೊಕ್ಕ.
ತಗಡಿನ ಶೆಡ್ಡು, ಎರಡು ಕೊಡ್ಲಿ, ಒಂದು ಭಟ್ಟಿ.
ಲಾರಿಯಿಂದ ಇಳಿದ ಬ್ಯಾಟರಿ ಹೊಟ್ಟಿ ಸೀಳಿ
ಆ್ಯಸಿಡ್ ನೀರು ನೆಲಕ್ಕ ಸುರುವಿ
ಒಳಗಿನ ಪ್ಲೇಟು ಕಿತ್ತು ಕರಗಸ್ತಿದ್ರು.
ಸಂಜಿಗೆ ಸೀಸದ ಗಟ್ಟಿ, ತಣ್ಣಗ, ಬೂದಿ ಬಣ್ಣ,
ಚಂದ ಕಾಣ್ತಿತ್ತು, ಸುಳ್ಳ್ಯಾಕ ಹೇಳ್ಲಿ.
ಒಂದು ಗಟ್ಟಿ ತಂದು ನಮ್ಮನಿ ಬಾಗಲಿಗೆ ಅಡ್ಡ ಇಟ್ಟಿದ್ದೆ,
ಗಾಳಿಗೆ ಬಡೀಬಾರದಂತ.

ಶೆಡ್ಡು ಹೋತು. ಬೋರ್ಡು ಬಂತು.
ಧಾರವಾಡದಿಂದ ಕಳಸದ ಅನ್ನೋ ಹುಡುಗಿ ಬಂದ್ಲು,
ಪ್ಲಾಸ್ಟಿಕ್ ಚೀಲ, ಕೈಗವಸು, ಸಣ್ಣ ತಕ್ಕಡಿ.
ಎರಿ ಮಣ್ಣು ಮೂಸಿ ನೋಡಿದೆ, ಅಪ್ಪ ನೋಡ್ತಿದ್ದ ಹಂಗ.
ಏನೂ ವಾಸನಿ ಇರಲಿಲ್ಲ.
ಅದಕ್ಕ ಅಂಜಿಕಿ ಬಂತು.
'ಬೇರು ಹೀರತಾವ್ರಿ, ನಿಧಾನಕ್ಕ.
ದಂಟಿಗೆ ಏರಸ್ತಾವ, ಎಲಿಗೆ ಒಯ್ತಾವ.
ನಾವು ಬುಡಸಹಿತ ಕಿತ್ತು ಒಯ್ಯೋದು.
ಮತ್ತ ಬಿತ್ತೋದು.'
'ಎಷ್ಟು ಪೀಕು?'
ಹೇಳೋಕಿಂತ ಮೊದಲ ಆಕಿ ಕೈಗವಸು ಬಿಚ್ಚಿದ್ಲು.
'ನಿಮ್ಮ ಮೊಮ್ಮಗ ಕೂರಿಗಿ ಹಿಡಿಯೋ ಹೊತ್ತಿಗೆ, ಕಾಕಾ, ಆಗಬಹುದು.'
ಆಗಬಹುದು ಅಂದ್ಲು. ಆಗತೈತಿ ಅನಲಿಲ್ಲ.
ಅಷ್ಟಕ್ಕ ಆಕಿ ಮ್ಯಾಲ ನಂಬಿಗಿ ಬಂತು.

ಸೀಗಿ ಹುಣ್ಣಿಮಿಗೆ ಮನ್ಯಾಕಿ ಬುಟ್ಟಿ ಹೊತ್ತು ಬಂದ್ಲು:
ಸಜ್ಜಿ ಕಡಬು, ಪುಂಡಿಪಲ್ಯ, ಮೊಸರನ್ನ.
ಬದುವಿನ ಮ್ಯಾಲ ನಿಂತು ಇಬ್ಬರಿಗೂ ಫಜೀತಿ.
ಒಳಗ ಚರಗ ಚೆಲ್ಲಿದ್ರ ಕಾಗಿ ಬರ್ತಾವ, ಗೊರವಂಕ ಬರ್ತಾವ,
ಅನ್ನದ ಜೋಡಿ ಎಲಿಗೂ ಬಾಯಿ ಹಾಕ್ತಾವ.
ಹೊರಗ ಚೆಲ್ಲಿದ್ರ
ಬಸರಿ ಭೂಮ್ತಾಯಿ ಮಾರಿ ತಿರುವಿ ಕುಂದರತಾಳ.
ಕಡೀಕ ಆಕಿ ಒಂದೊಂದ ತುತ್ತು
ಮಣ್ಣು ಕೆದರಿ ಹುಗಿದ್ಲು, ಬೀಜ ಊರಿದಂಗ,
ಸೆರಗಿಗೆ ಕೈ ಒರಸಿಕೊಂಡ್ಲು.
'ತೊಳ್ಕೋ' ಅಂದೆ, 'ಸಾಬಾಣ ಹಚ್ಚಿ ತೊಳ್ಕೋ.'
ತಾಯಿ ಎದುರಿಗೆ ನಿಂತು ಹಂಗ ಅನ್ನಬಾರದಿತ್ತು.

ಮಾಬುಬ್ಬಿ ಬರ್ತಾಳ ಆಗಾಗ,
ಆ ಶೆಡ್ಡಿನಾಗ ಒಂಬತ್ತು ವರ್ಷ ಪ್ಲೇಟು ಆರಿಸಿದಾಕಿ.
ಬೇಲಿ ಹೊರಗ ಕುಂತು ಎಲಿ ಅಡಕಿ ತಗೀತಾಳ.
ಸುಣ್ಣದ ಡಬ್ಬಿ ಮುಚ್ಚಳಕ್ಕ ಬೆರಳು ನಿಲ್ಲಂಗಿಲ್ಲ,
ನಡುಗತಾವ.
ನಾ ತಗದು ಕೊಡ್ತೀನಿ. ಇಬ್ಬರೂ ಏನೂ ಅನ್ನಂಗಿಲ್ಲ.
ನಿನ್ನೆ ಹೂವು ನೋಡಿಕೋತ ಅಂದ್ಲು:
'ಅಣ್ಣಾ, ಆ ಹುಡುಗಿಗೆ ಕೇಳಿ ನೋಡು,
ನೆತ್ತರದಾಗಿಂದು ಜಗ್ಗೋ ಪೀಕು ಇಲ್ಲೇನು?
ನನ್ನ ಮ್ಯಾಲ ಬಿತ್ತಲಿ.'
ನಕ್ಳು, ಕೆಂಪು ಬಾಯಿಲೆ.
ನಾ ಡಬ್ಬಿ ಬಡದೆ.
ಗುಬ್ಬಿ ಇರಲಿಲ್ಲ. ಬಡದೆ.

ನಾಳಿ ಕೀಳೋದು.
ಬಾಗಲಿನ ಗಟ್ಟಿ ಆ ಹುಡುಗಿ ಚೀಲದಾಗ ಹಾಕ್ಕೊಂಡು ಹೋದ್ಲು,
ಚೀಟಿ ಬರದು, ತೂಕ ಬರದು, ನನ್ನ ಹೆಸರೂ ಬರದು.
ಈಗ ಗಾಳಿ ಎದ್ರ ರಾತ್ರಿ ಎಲ್ಲಾ ಬಾಗಲಾ ಬಡೀತೈತಿ.
ಎದ್ದು ಕುಂದರತೀನಿ.
ಕತ್ತಲದಾಗ ಹಕ್ಕಿ ಇಳಿಯಂಗಿಲ್ಲ, ಗೊತ್ತೈತಿ,
ಆದ್ರೂ ಕವಣಿ ಎಲ್ಲೈತಿ ಅಂತ
ಗೋಡಿ ತಡವತೀನಿ.